ಸಾಹೇಬ ಚಹಾಕ್ಕೆ ಬಂದ ದಿನದ ಖಾರ

ಹುಬ್ಬಳ್ಳಿಯ ನಮ್ಮ ಓಣಿ ಅಗಲವಾದದ್ದು ಬ್ರಿಟಿಷರ ಉಪಕಾರ ಎಂದು ಯಾರಾದರೂ ಹೊಗಳಿದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಅದು ಅಗಲವಾದದ್ದು ನನ್ನ ಅವ್ವನ ಕಟ್ಟೆಯನ್ನು ನುಂಗಿ.

ಅಪ್ಪ ಸತ್ತ ಮೇಲೆ ಅವ್ವ ಮನೆ ಮುಂದಿನ ಆ ಕಟ್ಟೆಯ ಮೇಲೆ ಊರವರ ಮೆಣಸಿನಕಾಯಿ ಕುಟ್ಟಿ ನಮ್ಮ ಹೊಟ್ಟೆ ಹೊರೆದಳು. ಅವಳದೊಂದು ಒನಕೆ, ನನ್ನದೊಂದು. ಎದುರು ಮನೆಯವನು ಮುನಸಿಪಾಲಿಟಿ ಮೆಂಬರ. ಧಾರವಾಡದ ಬಿಳಿ ಸಾಹೇಬನ ಮೋಟಾರು ತನ್ನ ಬಾಗಿಲತನಕ ಬರಬೇಕು, ತನಗೊಂದು ಬಿರುದು ಸಿಗಬೇಕು ಎಂಬ ಚಪಲ ಅವನಿಗೆ. ರಸ್ತೆ ಅಗಲಿಸುವ ಠರಾವು ಮಾಡಿಸಿದ. ಅಳತೆಯ ಹಗ್ಗ, ಅದೇನು ಮಾಯೆಯೋ, ಅವನ ಕಟ್ಟೆಯನ್ನು ಬಿಟ್ಟು ನಮ್ಮದರ ಮೇಲೆಯೇ ಬಿತ್ತು. ಅವ್ವ ಅವನ ಕಾಲು ಹಿಡಿದಳು.

"ಒಳಗ ಕುಟ್ಟಕೋ. ಓಣ್ಯಾಗ ಘಾಟರ ತಪ್ಪತದ," ಅಂದ.

ಕಿಟಕಿಯಿಲ್ಲದ ಕೋಣೆಯಲ್ಲಿ ಕುಟ್ಟಿದೆವು. ಆಗ ಹತ್ತಿದ ಕೆಮ್ಮು ಅವ್ವನನ್ನು ಸಾಯುವವರೆಗೂ ಬಿಡಲಿಲ್ಲ. ಅವನಿಗೂ ಒಮ್ಮೆ ಹೀಗೇ ಉಸಿರು ಕಟ್ಟಲಿ ಎಂದು ನಾನು ದೇವರ ಮುಂದೆ ದಿನಾ ಬೇಡುತ್ತಿದ್ದೆ.

ಬೇಸಿಗೆಯಲ್ಲಿ ಅವನ ಹೆಂಡತಿ ವರ್ಷದ ಖಾರ ಕುಟ್ಟಲು ಹೇಳಿಕಳಿಸಿದಳು. ಹೋಗುವುದು ಬೇಡವೆಂದು ನಾನು ಹಟ ಹಿಡಿದೆ.

"ಉಣ್ಣೂದು ಬಿಡೂಣೇನು?" ಎಂದು ಅವ್ವ ಒನಕೆ ಎತ್ತಿಕೊಂಡಳು.

ಹೋದರೆ ಬಾಗಿಲಿಗೆ ತೋರಣ, ಪಡಸಾಲೆಯಲ್ಲಿ ಕುರ್ಚಿ, ಬೆಳ್ಳಿ ತಟ್ಟೆಯಲ್ಲಿ ಪೇಢೆ. ಸಾಹೇಬ ಅಂದೇ ಚಹಾಕ್ಕೆ ಬರುವವನಿದ್ದ. ನಾಳೆ ಬರುತ್ತೇವೆಂದು ಅವ್ವ ಹಿಂಜರಿದರೆ ಆಕೆ, "ಇವತ್ತs ಆಗಬೇಕು," ಎಂದು ಪಡಸಾಲೆಗೆ ಹತ್ತಿದ ಒಳಂಗಳದಲ್ಲೇ ಒಲೆ ಹಚ್ಚಿಕೊಟ್ಟಳು.

ಮೋಟಾರು ನಮ್ಮ ಕಟ್ಟೆಯಿದ್ದ ಜಾಗದ ಮೇಲೆ ಹಾದು ಬಂತು. ಸಾಹೇಬ ಪೇಢೆಗೆ ಕೈ ಹಾಕುವ ಹೊತ್ತಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿದು ಗರಿಗರಿಯಾಗಿತ್ತು. ಪಡಸಾಲೆಯಿಂದ ಮೊದಲು ಸೀನು, ಆಮೇಲೆ ಕೆಮ್ಮು. ಮೆಂಬರ ಒಳಗೆ ಓಡಿ ಬಂದ.

"ನಿಲ್ಲಸು ಮೊದಲ!"

"ಬಿಸಿ ಇದ್ದಾಗs ಕುಟ್ಟಬೇಕ್ರಿ. ನಡುವ ಬಿಟ್ಟರ ಮನಿಗೆ ಛಲೋ ಅಲ್ಲ," ಅಂದಳು ಅವ್ವ. ನಾನು ಒನಕೆಯನ್ನು ಇನ್ನಷ್ಟು ಜೋರಾಗಿ ಹಾಕಿದೆ.

ಸಾಹೇಬ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಎದ್ದ. ಮೆಂಬರನ ಕೈಗೆ ಬಂದ ಬಿರುದಿನ ತುತ್ತು ಬಾಯಿಗೆ ಬರದೆ ಮೋಟಾರು ಹತ್ತಿತು. ಮೆಂಬರ ಕೆಮ್ಮುತ್ತ, ಕೈಮುಗಿಯುತ್ತ ಧೂಳಿನಲ್ಲಿ ಅದರ ಬೆನ್ನುಹತ್ತಿದ. ನನ್ನ ಹೊಟ್ಟೆ ತಣ್ಣಗಾಯಿತು.

ಅವ್ವ ಮಾತ್ರ ಒನಕೆ ಕೆಳಗಿಟ್ಟು ಮೆಂಬರನ ಹೆಂಡತಿಯ ಕಡೆ ತಿರುಗಿದಳು. "ತಪ್ಪಾತೇನ್ರಿ ಅಕ್ಕಾರ?"

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಈ ಮನಿ ಬಿಟ್ಟು ನಾ ಕುಂಡ್ರಾಕ ಬರತಿದ್ದ ಜಾಗಾ ನಿಮ್ಮ ಕಟ್ಟಿ ಒಂದs ಇತ್ತು. ಅದನ್ನೂ ನಮ್ಮ ಮನಿಯವರು ಒಡಿಸಿದರು," ಎಂದು ಒಳಗಿನಿಂದ ಇನ್ನೊಂದು ಮೊರ ಮೆಣಸಿನಕಾಯಿ ತಂದು ಅವ್ವನ ಮುಂದಿಟ್ಟಳು. "ಲಗೂ ಹುರಿ. ಅವರು ಇನ್ನ ತಿರುಗಿ ಒಳಗ ಬರತಾರ."