ಹೃದಯಕ್ಕೆ ಬೆಳ್ಳುಳ್ಳಿ

ಬೆಳಗಿನ ಬರಿಹೊಟ್ಟೆಗೆ ಹಸಿ ಬೆಳ್ಳುಳ್ಳಿ ಜಗಿಯುವವನ ಮುಖಾರವಿಂದವನ್ನು ನೀವು ಇದುವರೆಗೆ ದರ್ಶಿಸಿಲ್ಲವಾದರೆ ಆರ್.ಟಿ. ನಗರದ ನಮ್ಮ ಮನೆಗೆ ಬನ್ನಿ. ಪ್ರದರ್ಶನ ನಿತ್ಯವೂ ಉಂಟು, ಪ್ರವೇಶ ಉಚಿತ. ನನಗೆ ಹೃದ್ರೋಗವಿಲ್ಲ. ಆದರೂ ನಮ್ಮ ಬೀದಿಯ ಸಮಸ್ತ ಹಿತೈಷಿಗಳ ಪಾಲಿಗೆ ನಾನು ದುರ್ಬಲ ಹೃದಯಗಳ ವಂಶದಲ್ಲಿ ಉಳಿದಿರುವ ಏಕೈಕ ಕುಡಿ. ಒಬ್ಬರು ಓಟ್ಸ್ ತಂದುಕೊಟ್ಟರು, ಇನ್ನೊಬ್ಬರು ಜಕ್ಕೂರು ಕೆರೆಯ ಸುತ್ತ ನಡೆಸಿ ನನ್ನ ಮಂಡಿಗಳ ಶಾಪಕ್ಕೆ ಗುರಿಯಾದರು. ಬೇಡವೆಂದರೆ ನಮ್ಮ ಮನೆಯ ಸುಳ್ಳು ಬಯಲಾದೀತೆಂದು ನಾನು ಎಲ್ಲವನ್ನೂ ವಿನಯದಿಂದ ನುಂಗುತ್ತಿದ್ದೆ.

ಹೋದ ವರ್ಷ ನನ್ನ ತಮ್ಮ ರಘು ತನ್ನ ಜೀವ ತಾನೇ ತೆಗೆದುಕೊಂಡಾಗ, ಸೋದರಮಾವ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ "ಹಾರ್ಟ್ ಅಟ್ಯಾಕು" ಎಂದುಬಿಟ್ಟರು. ಅವರನ್ನು ದೂರಲಾರೆ. ನಿಜ ತಿಳಿದ ಕೆಲವೇ ನೆಂಟರಲ್ಲಿ ಒಬ್ಬರು "ಹೇಡಿ ಕೆಲಸ ಮಾಡ್ಬಿಟ್ಟ" ಎಂದರು. ಇನ್ನೊಬ್ಬರು, "ಒಂದೇ ಮನೇಲಿದ್ದು ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಅಮ್ಮನನ್ನೇ ಕೇಳಿದರು. ಅವರ ದನಿಯಲ್ಲಿ ರಘು ಏನೋ ಅಪರಾಧವೆಸಗಿ ತಲೆಮರೆಸಿಕೊಂಡವನಂತಿದ್ದ. ಬಹುಕಾಲ ನೊಂದು ಸೋತವನೆಂಬ ಮರುಕ ಯಾರ ಮಾತಿನಲ್ಲೂ ಇರಲಿಲ್ಲ. ಅಂಥ ಮಾತುಗಳಿಗಿಂತ ಸುಳ್ಳೇ ವಾಸಿಯೆಂದು ನಮಗೂ ಅನ್ನಿಸಿತು.

ಆದರೆ ಆ ಸುಳ್ಳಿನೊಳಗೆ ಅಮ್ಮ ಒಬ್ಬಂಟಿಯಾದಳು. ನಿಜ ಹೇಳುವಂತಿಲ್ಲ, ಸುಳ್ಳು ಹೇಳಿಕೊಂಡು ಮನಸಾರೆ ಅಳಲೂ ಆಗದು. ಎಲ್ಲಿ ಬಾಯಿ ತಪ್ಪುವುದೋ ಎಂಬ ಭಯಕ್ಕೆ ಮಗನ ಹೆಸರೆತ್ತುವುದನ್ನೇ ಬಿಟ್ಟಳು. ಬರುಬರುತ್ತಾ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಇವಳನ್ನೂ ಕಳೆದುಕೊಳ್ಳುತ್ತೇನೇನೋ ಎಂದು ನನಗೆ ನಿಜಕ್ಕೂ ದಿಗಿಲಾಗಿತ್ತು.

ಮೊನ್ನೆ ಸಂಜೆ ಎದುರುಮನೆಯ ಶಾಹಿನಾ ಬೆಳ್ಳುಳ್ಳಿ ಉಪ್ಪಿನಕಾಯಿಯ ಬಾಟಲಿ ಹಿಡಿದು ಬಂದರು. "ಅಣ್ಣನ ಹಾರ್ಟ್‌ಗೆ ಒಳ್ಳೇದು ಅಮ್ಮಾ, ಎಣ್ಣೆ ಕಮ್ಮಿ ಹಾಕಿದೀನಿ."

ಅಮ್ಮ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮೆಲ್ಲಗೆ, "ನನ್ನ ಚಿಕ್ಕಮಗನ ಹಾರ್ಟು ಚೆನ್ನಾಗೇ ಇತ್ತು ಕಣಮ್ಮಾ. ಮನಸ್ಸಿಗೆ ಹುಷಾರಿರ್ಲಿಲ್ಲ. ತಾನೇ ಜೀವ ಕಳ್ಕೊಂಡ" ಎಂದಳು.

ನಾನು ಗಾಬರಿಯಾದೆ. ಯಾಕೆ, ಏನಾಗಿತ್ತು ಎಂಬ ಪ್ರಶ್ನೆಗಳು ಬಂದೇ ಬರುತ್ತವೆಂದು ಮನಸ್ಸಿನಲ್ಲೇ ಸಭ್ಯವಾದ ಉತ್ತರವೊಂದನ್ನು ಹೊಂದಿಸತೊಡಗಿದೆ. ಶಾಹಿನಾ ಏನೂ ಕೇಳಲಿಲ್ಲ. ಅಮ್ಮನ ಪಕ್ಕಕ್ಕೆ ಸರಿದು ಕೂತು ಕೈ ಹಿಡಿದುಕೊಂಡರು.

"ಎಷ್ಟು ನೋವಿತ್ತೋ ಅವ್ರಿಗೆ, ಪಾಪ" ಎಂದರು. ಮತ್ತೆ, "ಚಿಕ್ಕೋರಿದ್ದಾಗ ಹೆಂಗಿದ್ರು ಅಮ್ಮಾ? ನಾವು ಈ ರೋಡಿಗೆ ಬಂದಿದ್ದೇ ಲೇಟು, ನೋಡೇ ಇಲ್ಲ" ಎಂದರು.

"ನಮ್ಮ ರಘುನಾ?" ಎಂದಳು ಅಮ್ಮ. "ಅಯ್ಯೋ, ಮಹಾ ತರಲೆ ಕಣೇ ಅವನು."

ಅಳುತ್ತಲೇ ಹೇಳುತ್ತಾ ಹೋದಳು, ನಡುನಡುವೆ ನಕ್ಕಳು. ಕಾಫಿಗಿಡುವ ನೆಪದಲ್ಲಿ ಅಡುಗೆಮನೆಗೆ ಹೋದ ನಾನು ಒಲೆ ಹಚ್ಚುವುದನ್ನೂ ಮರೆತು ನಿಂತೆ. ಹಜಾರದಲ್ಲಿ ಅಮ್ಮ ನನ್ನ ತಮ್ಮನನ್ನು ಹೆಸರು ಹಿಡಿದು ಬೈಯುತ್ತಿದ್ದಳು.