ಆಸ್ಟ್ರಲೋಪಿತೆಕಸ್ ಎಂಬ ಅಡ್ಡಹೆಸರು

ಇವತ್ತು ಕಪಾಟು ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನನ್ನ ವಿಜ್ಞಾನದ ಮಾಸ್ತರರ ಕೋಟಿನ ವಾಸನೆಯೂ ಅದೇ. ಸಿಟ್ಟು ಮತ್ತೆ ನೆತ್ತಿಗೇರಿತು.

ನಾನು ಸಂಗೊಳ್ಳಿಯಿಂದ ಬೈಲಹೊಂಗಲದ ಹೈಸ್ಕೂಲಿಗೆ ಬಸ್ಸಿನಲ್ಲಿ ಬರುತ್ತಿದ್ದ ಒಕ್ಕಲುತನದ ಮನೆಯ ಹುಡುಗಿ. ಆದಿಮಾನವರ ಪಾಠವನ್ನು ಗಟ್ಟಿಯಾಗಿ ಓದುವಾಗ 'ಆಸ್ಟ್ರಲೋಪಿತೆಕಸ್' ಎಂಬಲ್ಲಿ ನಾಲಿಗೆ ತೊಡರಿತು. ಆಸ್ಟ್ರ... ಆಸ್ಟ್ರಲೋ... ಮುಂದಕ್ಕೆ ಹೋಗಲೇ ಇಲ್ಲ.

"ಬಾಯಾಗ ರೊಟ್ಟಿ ಇಟಗೊಂಡ ಬಂದೀ ಏನ? ಇವತ್ತಿನಿಂದ ಇದ ನಿನ್ನ ಅಡ್ಡಹೆಸರ" ಎಂದರು ಮಾಸ್ತರರು.

ನಮ್ಮ ಕಡೆ ಅಡ್ಡಹೆಸರು ಎಂದರೆ ಚೇಷ್ಟೆಯಲ್ಲ, ಮನೆತನದ ಹೆಸರು. ಊರು, ಕಸುಬು, ಉಪ್ಪು, ಮೆಣಸಿನಕಾಯಿ, ಏನು ಅಂಟಿದರೂ ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಬಸ್ಸಿನ ಕಂಡಕ್ಟರನಿಗೂ ನಾನು 'ಆಸ್ಟ್ರಲೋ' ಆದೆ. ತಮ್ಮನಿಗೂ ಅದೇ ಹತ್ತಿತು. ಮುಂದೆ ನನ್ನನ್ನು ನೋಡಲು ಸಿರಸಂಗಿಯಿಂದ ಬಂದ ಗಂಡಿನ ಕಡೆಯವರು ಊರಬಾಗಿಲ ಅಗಸಿಯಲ್ಲಿ ನಿಂತು, "ಆಸ್ಟ್ರಲೋ ಅವರ ಮನಿ ಯಾವದ್ರಿ?" ಎಂದು ಕೇಳಿದರು. ಅವ್ವ ಒಳಗೆ ಹೋಗಿ ಅತ್ತಳು. ಈ ಮನುಷ್ಯನನ್ನು ಸುಮ್ಮನೆ ಬಿಡಬಾರದೆಂದು ಅವತ್ತೇ ನಿಶ್ಚಯಿಸಿದೆ.

ಆ ಶಬ್ದದ ಬೆನ್ನು ಹತ್ತಿ, ಓದುತ್ತ ಓದುತ್ತ ಸವದತ್ತಿಯಲ್ಲಿ ನಾನೂ ಶಿಕ್ಷಕಿಯಾದೆ. ಅವತ್ತಿನ ಪಾಠದಲ್ಲಿ ಮಾಸ್ತರರು ಆ ಶಬ್ದಕ್ಕೆ 'ಆಸ್ಟ್ರೇಲಿಯಾದ ಮಂಗ' ಎಂದು ಅರ್ಥ ಹೇಳಿದ್ದರು. ಅದು ಶುದ್ಧ ತಪ್ಪೆಂದು ತಿಳಿದ ದಿನ ಹೋಳಿಗೆ ಮಾಡಿ ಉಂಡೆ.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡರು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿದ್ದ ಅವರನ್ನೇ ನೋಡುತ್ತ ಮೈಕು ಹಿಡಿದೆ. 'ಪಿ' ಮೇಲೆ ಒತ್ತು ಕೊಟ್ಟು ಇಡೀ ಶಬ್ದವನ್ನು ಒಂದೇ ಉಸಿರಿಗೆ ಅಂದೆ.

"ಸರ, ಆಸ್ಟ್ರಲೋ ಅಂದ್ರ ದಕ್ಷಿಣದ್ದು, ಪಿತೆಕಸ್ ಅಂದ್ರ ಮಂಗ್ಯಾ. ಮೊದಲನೇ ಬುರುಡಿ ಸಿಕ್ಕಿದ್ದು ಆಫ್ರಿಕಾದ ದಕ್ಷಿಣಕ್ಕ. ಆಸ್ಟ್ರೇಲಿಯಾಕ್ಕ ಸಂಬಂಧ ಇಲ್ರಿ. ನೀವು ತಪ್ಪ ಕಲಿಸಿದ್ರಿ."

ಮಾಸ್ತರರು ಎದ್ದು ನಿಂತು ಕಣ್ಣೊರೆಸಿಕೊಂಡರು. "ತಿದ್ದೂವಂಥ ಶಿಷ್ಯಾರ ಸಿಗಬೇಕ್ರಿ. ಅವತ್ತ ನಾ ಕೆಣಕಿದ್ದಕ್ಕ ಇವತ್ತ ಇಷ್ಟ ಕಲತಾಳ" ಎಂದರು.

ಚಪ್ಪಾಳೆಯೋ ಚಪ್ಪಾಳೆ. ನಾನು ಪಟ್ಟ ಪಾಡೂ ಅವರ ಹೆಸರಿಗೇ ಜಮಾ ಆಯಿತು. ಮೈ ಉರಿದುಹೋಯಿತು.

ಇನ್ನೊಂದು ಅವಕಾಶಕ್ಕೆ ಕಾಯುತ್ತಿದ್ದೆ... ಹೋದ ವಾರ ಮಾಸ್ತರರು ಮುನವಳ್ಳಿಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮಗ ನನ್ನನ್ನು ಮುಂದೆ ಕರೆದು, "ನಮ್ಮ ಅಪ್ಪಾರು ಭಾಳ ಮೆಚ್ಚಿದ ಶಿಷ್ಯಾರ ಇವರು" ಎಂದು ಎಲ್ಲರಿಗೂ ಹೇಳಿದ. ಅಂದಿನಿಂದ ಸಮಾಧಾನ ಹೇಳಲು ಜನ ನನ್ನ ಮನೆಗೂ ಬರುತ್ತಿದ್ದಾರೆ.

"ಅಳಬ್ಯಾಡ್ರಿ ಟೀಚರ್" ಎನ್ನುತ್ತಾರೆ. ಅಳು ಬರುವುದು ನಿಜ. ಇಷ್ಟು ವರ್ಷ ಜೋಪಾನ ಮಾಡಿದ ಸಿಟ್ಟು ಇನ್ನೂ ಹಾಗೇ ಇದೆ, ತೋರಿಸಬೇಕಾದವರೇ ಇಲ್ಲ.