ಸ್ವೀಡನ್ನಿನಿಂದ ಬಂದ ಅಳು

ತೊಂಬತ್ತರ ದಶಕದ ಕೊನೆ. ನನ್ನ ಹೆಂಡತಿ ಮದುವೆಯಾಗಿ ಕೆನಡಾದ ಥಾರ್ನ್‌ಹಿಲ್‌ಗೆ ಬಂದ ಮೊದಲ ಚಳಿಗಾಲ. ನಮ್ಮದು ಬೇಸ್‌ಮೆಂಟಿನ ಬಾಡಿಗೆ ಮನೆ; ಮೇಲೆ ಮನೆಯೊಡತಿ, ವಯಸ್ಸಾದ ಪಂಜಾಬಿ ಹೆಂಗಸು. ನಾನು ಸಾಫ್ಟ್‌ವೇರ್ ಕೆಲಸಕ್ಕೆ ಹೋದರೆ ಹೆಂಡತಿ ಹಗಲಿಡೀ ಒಬ್ಬಳೇ. ಬೆಂಗಳೂರಿನವಳು, ಮಾತು ಕಡಿಮೆ. ನಮ್ಮಿಬ್ಬರ ಸಂಭಾಷಣೆ ಊಟ ತಿಂಡಿ, ಚಳಿಗಳನ್ನು ಇನ್ನೂ ದಾಟಿರಲಿಲ್ಲ.

ಒಂದು ದಿನ ಹಿಮ ಜೋರಾಗಿ, ಆಫೀಸಿನವರು ಮಧ್ಯಾಹ್ನವೇ ಮನೆಗೆ ಕಳಿಸಿದರು. ಕಾರು ನಿಲ್ಲಿಸುತ್ತಿದ್ದಂತೆ ಮನೆಯೊಡತಿ ಚಪ್ಪಲಿಯಲ್ಲೇ ಹಿಮಕ್ಕಿಳಿದು ಬಂದರು. ಕೆಳಗೆ ಯಾರೋ ಗಂಡಸು ಕಿರುಚಾಡುತ್ತಿದ್ದಾನೆ, ಬೇಗ ಹೋಗು ಬೇಟಾ ಎಂದರು.

ಓಡಿದೆ. ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಪಕ್ಕದಲ್ಲಿದ್ದ ಟೇಪ್ ರೆಕಾರ್ಡರಿನಲ್ಲಿ ಯಾರೋ ಗಂಟಲು ಹರಿಯುವಂತೆ ಆರ್ಭಟಿಸುತ್ತಿದ್ದ. ನನ್ನನ್ನು ಕಂಡವಳೇ ಟೇಪು ನಿಲ್ಲಿಸಿದಳು.

"ಗಾಬರಿ ಆಯ್ತಾ? ಇದು ಮೆಟಲ್ ರೀ, ಒಂಥರಾ ರಾಕ್ ಮ್ಯೂಸಿಕ್ಕು. ಸ್ವೀಡನ್ ಬ್ಯಾಂಡು."

"ಇದನ್ನ ನೀನು ಕೇಳ್ತೀಯಾ?"

"ಕಾಲೇಜಿಂದ. ಹೇಳಿದ್ರೆ ನೀವೇನಂದ್ಕೋತೀರೋ ಅಂತ..."

"ಹಾಕು, ನಾನೂ ಕೇಳ್ತೀನಿ."

ಮೊದಲು ಆರ್ಭಟ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವಳು ವಾಲ್ಯೂಮು ತಗ್ಗಿಸಿದಳು. "ಅವನ ಗಂಟಲು ಬಿಡಿ. ಹಿಂದೆ ಗಿಟಾರ್ ಕೇಳಿ." ಆಗ ಕೇಳಿಸಿತು. ಎರಡು ಗಿಟಾರುಗಳು ಒಂದೇ ರಾಗವನ್ನು ಹಿಡಿದು, ಒಂದರ ಹಿಂದೊಂದು ಇಳಿಯುತ್ತಿದ್ದವು.

"ಇಷ್ಟೊಂದು ದುಃಖ ಯಾಕೆ ಇದರಲ್ಲಿ?" ಎಂದೆ.

ಅವಳು ಒಲೆ ಆರಿಸಿದಳು. "ಅಮ್ಮ ಹೋದಾಗ ಬಂದವರೆಲ್ಲ, ಧೈರ್ಯ ತಗೋ, ಅಪ್ಪನ್ನ ನೋಡ್ಕೋ ಅಂದ್ರು. ಅಳೋಕೇ ಆಗ್ಲಿಲ್ಲ ನಂಗೆ. ಆಮೇಲೆ ಫ್ರೆಂಡ್ ಒಬ್ಳು ಇದನ್ನ ಕಾಪಿ ಮಾಡಿ ಕೊಟ್ಲು. ವಾಕ್‌ಮನ್ ಹಾಕ್ಕೊಂಡು ಟೆರೇಸಲ್ಲಿ ಕೂತ್ಕೋತಿದ್ದೆ. ಇವನು ನನ್ ಬದ್ಲು ಕೂಗ್ತಿದಾನೆ ಅನ್ನಿಸ್ತಿತ್ತು."

ಅತ್ತೆ ತೀರಿಕೊಂಡ ವಿಷಯ ಸಂಬಂಧ ತಂದವರು ಹೇಳಿದ್ದರು. ಅವಳ ಬಾಯಿಂದ ಕೇಳಿದ್ದು ಅಂದೇ. "ಮತ್ತೆ ಮೊದಲಿಂದ ಹಾಕು" ಎಂದೆ. ಅವಳು ಅತ್ತಳು, ಜೋರಾಗಿ. ನಾನು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಮೇಲೆ ಹೋಗಿ ಅದು ಹಾಡು ಎಂದು ತಿಳಿಸಿದಾಗ ಮನೆಯೊಡತಿ, "ಇದಾ? ಗಾನಾ?" ಎಂದು ಹೊಟ್ಟೆ ಹಿಡಿದು ನಕ್ಕರು.

ಆ ಕ್ಯಾಸೆಟ್ ಕಾಪಿಯ ಕಾಪಿ. ಅರ್ಧ ಬರೀ ಬುಸುಗುಟ್ಟುತ್ತಿತ್ತು. ವಾರಾಂತ್ಯದಲ್ಲಿ ಸಿಡಿ ಹುಡುಕಿ ಟೊರಾಂಟೊ ಪೇಟೆಗೆ ಹೋದೆವು. ಅಂಗಡಿಯ ನರೆಗೂದಲಿನ ಜುಟ್ಟಿನವನು ಬಿಂದಿಯಿಟ್ಟ ನನ್ನ ಹೆಂಡತಿಯನ್ನು ಕಂಡು ಬೆರಗಾದ. ಇಬ್ಬರೂ ಕೌಂಟರಿನಲ್ಲಿ ಮಾತಿಗೆ ನಿಂತರು. ಅಷ್ಟೊಂದು ಮಾತಾಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಗೆ ಅವನು ಮೆಲ್ಲಗೆ, ಆ ಬ್ಯಾಂಡು ಈಗಿಲ್ಲ, ಬೇರೆಬೇರೆಯಾಗಿಬಿಟ್ಟರು ಎಂದ.

"ಇನ್ನೊಂದು ಆಲ್ಬಮ್ ಬರಲ್ವಂತೆ ರೀ," ಎಂದಳು ಕಾರಿನಲ್ಲಿ.

"ಇದೊಂದಿದೆಯಲ್ಲ."

ಅಂಗಡಿಯಲ್ಲಿ ಇರದಿದ್ದರಿಂದ ಹೇಳಿ ತರಿಸಿದ ಸಿಡಿ ಕೆಲವು ವಾರಗಳ ನಂತರ ಬಂತು. ಹಾಡಿನ ಸಾಲುಗಳು ಒಳಗೆ ಅಚ್ಚಾಗಿದ್ದವು. ಇಷ್ಟು ವರ್ಷ ಅವಳು ಗುನುಗಿದ್ದರಲ್ಲಿ ಒಂದು ಪದವೂ ಸರಿಯಿರಲಿಲ್ಲ. ಕಾರ್ಪೆಟ್ ಮೇಲೆ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕೆಲವು ವರ್ಷಗಳಾದ ಮೇಲೆ ನ್ಯೂಮಾರ್ಕೆಟ್ ಎಂಬ ಊರಿಗೆ ಮನೆ ಬದಲಾಯಿಸಿದೆವು. ಅವಳು ಬಸುರಿ. ಸ್ಕ್ಯಾನಿಗೆಂದು ಆಸ್ಪತ್ರೆಗೆ ಹೋದಾಗ ಕಾರಿನಲ್ಲಿ ಅದೇ ಸಿಡಿ ಹಾಡುತ್ತಿತ್ತು. ಪಾರ್ಕಿಂಗಿನಲ್ಲಿ ಎಂಜಿನ್ ಆರಿಸಲು ಹೊರಟ ನನ್ನ ಕೈ ಹಿಡಿದಳು. "ಇದೊಂದು ಮುಗೀಲಿ."

ಯಾಕೆ ತಡ ಎಂದು ನರ್ಸ್ ಕೇಳಿದರು. "ಹಾಡು ಮುಗಿದಿರಲಿಲ್ಲ," ಎಂದಳು ನನ್ನ ಹೆಂಡತಿ, ಗಂಭೀರವಾಗಿಯೇ. ನಾನೂ ಹೌದೆಂದು ತಲೆಯಾಡಿಸಿದೆ.